ಹಸುಗೂಸಿನ ನಿದ್ರೆ ಮತ್ತು ಚಳಿಗಾಲ

ರಾತ್ರಿ ಹಾಲು ಕುಡಿದು ಚೆನ್ನಾಗಿಯೇ ಮಲಗಿದ ಕೂಸು ಬೆಳಗಾಗುವಷ್ಟರಲ್ಲಿ ಪ್ರಾಣ ಬಿಟ್ಟಿರುವುದುಂಟು. ಶವಪರೀಕ್ಷೆಯಿಂದಲೂ ಕಾರಣ ತಿಳಿಯದ ಇಂಥ ಸಾವಿಗೆ ಶಿಶುವಿನ ಹಠಾತ್ ಮರಣವೆಂದು ಹೆಸರು. ಇದು ದೃಷ್ಟಿದೋಷವಲ್ಲ, ಬಾಲಗ್ರಹವೂ ಅಲ್ಲ. ತಾಯಿಯನ್ನು ಹಳಿಯುವುದಂತೂ ಅನ್ಯಾಯ.

ಇಂಗ್ಲೆಂಡ್, ನ್ಯೂಜಿಲೆಂಡ್ ದೇಶಗಳಲ್ಲಿ ಈ ಮರಣಗಳ ಲೆಕ್ಕವಿಟ್ಟಿದ್ದಾರೆ. ಹತ್ತರಲ್ಲಿ ಸುಮಾರು ಒಂಬತ್ತು ಸಾವು ಆರು ತಿಂಗಳೊಳಗೆ, ಅದರಲ್ಲಿಯೂ ಎರಡರಿಂದ ನಾಲ್ಕನೆಯ ತಿಂಗಳಲ್ಲಿ ಹೆಚ್ಚಾಗಿ ಸಂಭವಿಸುತ್ತವೆ. 1990ಕ್ಕೆ ಮುಂಚೆ ಚಳಿಗಾಲದಲ್ಲಿ ಇವು ಬಹಳ ಏರುತ್ತಿದ್ದವು. ನ್ಯೂಜಿಲೆಂಡಿನ ಉತ್ತರ ದ್ವೀಪಕ್ಕಿಂತ ಚಳಿ ಹೆಚ್ಚಾದ ದಕ್ಷಿಣ ದ್ವೀಪದಲ್ಲಿ ಅಧಿಕವಾಗಿದ್ದವು. ಆದರೆ ಅಪರಾಧ ಚಳಿಯೊಂದರದೇ ಅಲ್ಲ. ಅಲ್ಲಿ ಕೂಸನ್ನು ಬೋರಲು ಮಲಗಿಸಿ ದಪ್ಪನೆಯ ಹೊದಿಕೆ ಹೊದಿಸುವ ರೂಢಿಯಿತ್ತು. 1991ರಲ್ಲಿ ಬೋರಲು ಮಲಗಿಸಬೇಡಿರೆಂದು ಎರಡೂ ದೇಶಗಳಲ್ಲಿ ಪ್ರಚಾರ ನಡೆಯಿತು. ಕೆಲವೇ ವರ್ಷಗಳಲ್ಲಿ ಸಾವುಗಳು ಸುಮಾರು ಅರ್ಧಕ್ಕಿಳಿದವು, ಚಳಿಗಾಲದ ಏರಿಕೆಯೂ ತಗ್ಗಿತು.

ಬಡವರ ಮನೆಗಳಲ್ಲಿ ಮಾತ್ರ ಅಷ್ಟು ಇಳಿಯಲಿಲ್ಲ. ಗರ್ಭಿಣಿಯ ಧೂಮಪಾನ, ಕೂಸಿನ ಕಡಿಮೆ ತೂಕ ಇದಕ್ಕೆ ಮುಖ್ಯ ಕಾರಣಗಳು. ಆದರೆ ಇಂಗ್ಲೆಂಡಿನಲ್ಲಿ ನೆಲೆಸಿದ ನಮ್ಮ ಉಪಖಂಡದ ಕುಟುಂಬಗಳಲ್ಲಿ, ಬಡತನವಿದ್ದರೂ, ಇಂಥ ಸಾವು ಕಡಿಮೆ. ಆ ತಾಯಂದಿರಲ್ಲಿ ಧೂಮಪಾನ ವಿರಳ; ಕೂಸು ಮಲಗುವುದೂ ತಾಯಿಯ ಕೋಣೆಯಲ್ಲಿಯೇ. ನಮ್ಮ ಹಿರಿಯರ ಈ ಪದ್ಧತಿಯನ್ನು ಬಿಡಬೇಕಾಗಿಲ್ಲ.

ದಂಪತಿಗಳೇ, ಮಲೆನಾಡಿನ ಚಳಿಯಲ್ಲಿ ಕೂಸನ್ನು ಬೆಚ್ಚಗಿಡಲೇಬೇಕು. ಆದರೆ ಅದನ್ನು ಅಂಗಾತ ಮಲಗಿಸಿರಿ. ಕೌದಿ, ಕಂಬಳಿ ಮುಖದ ಮೇಲೆ ಬಾರದಿರಲಿ. ಬಾಣಂತಿಯ ಕೋಣೆಯಲ್ಲಿ ಬೀಡಿ ಸೇದಬಾರದು. ಕೆಂಡದ ಹೊಗೆಯೂ ಬೇಡ. ಕೂಸಿನ ಕತ್ತಿನ ಹಿಂಭಾಗ ಮುಟ್ಟಿ ನೋಡಿ, ಬೆವರಿದ್ದರೆ ಒಂದು ಹೊದಿಕೆ ತೆಗೆಯಿರಿ.