ಹೊಲದ ಮೇಲಿನ ವಿದ್ಯುತ್ ತಂತಿಯೂ ಕೆಳಗಿನ ಬೇಲಿಯೂ

1902ನೆಯ ಇಸವಿ ಜೂನ್ 30ರಂದು ಶಿವನಸಮುದ್ರದ ವಿದ್ಯುಚ್ಛಕ್ತಿಯು ಸುಮಾರು 92 ಮೈಲಿ ಉದ್ದದ ತಂತಿಗಳ ಮೂಲಕ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಆ ಗಣಿಗಳು 2001ರಲ್ಲಿ ಮುಚ್ಚಿಹೋದುವು. ಆದರೆ ಆ ಸೀಮೆಯ ಹೊಲಗಳ ಮೇಲೆ ಹಾಯುವ ತಂತಿಗಳು ಹೆಚ್ಚಿರುವುವೇ ಹೊರತು ಕಡಮೆಯಾಗಿಲ್ಲ.

ಬಂಗಾರಪೇಟೆಯ ಸುತ್ತಣ ರಾಗಿಯ ಹೊಲ, ಮಾವಿನ ತೋಪುಗಳ ಮೇಲೆ ಹೋಗುವ ಇಂಥ ತಂತಿಯನ್ನು ಮುಟ್ಟದಿದ್ದರೆ ಏನೂ ಭಯವಿಲ್ಲವೆಂದು ಅನೇಕ ರೈತರು ಭಾವಿಸುವರು. ಇದು ಪೂರ್ಣವಾಗಿ ಸರಿಯಲ್ಲ. ತಂತಿಯ ಉದ್ದಕ್ಕೂ ವಿದ್ಯುದಾವೇಶವು ಹರಡಿಕೊಂಡಿರುವುದು. ಅದರ ಪ್ರಭಾವವು ಸುತ್ತಲಿನ ಗಾಳಿಯಲ್ಲಿಯೂ ಇರುವುದು. ಈ ಪ್ರಭಾವಕ್ಕೆ ವಿದ್ಯುತ್ ಕ್ಷೇತ್ರವೆಂದು ಹೆಸರು.

ಆವೇಶವು ಒಂದೇ ಬಿಂದುವಿನಲ್ಲಿದ್ದರೆ ಅದರ ಪ್ರಭಾವವು ಚೆಂಡಿನಂತೆ ಎಲ್ಲ ಕಡೆಗೂ ಹರಡುವುದು. ದೂರವು ಎರಡರಷ್ಟಾದಾಗ ಚೆಂಡಿನ ಮೈಯು ನಾಲ್ಕರಷ್ಟಾಗುವುದರಿಂದ ಕ್ಷೇತ್ರವು ಕಾಲುಭಾಗಕ್ಕೆ ಇಳಿಯುವುದು. ಉದ್ದವಾದ ತಂತಿಯದು ಹಾಗಲ್ಲ. ಅದರ ಪ್ರಭಾವವು ಕೊಳವೆಯ ಆಕಾರದಲ್ಲಿ ಪಕ್ಕಗಳಿಗೆ ಮಾತ್ರ ಹರಡುವುದು. ದೂರವು ಎರಡರಷ್ಟಾದರೆ ಕೊಳವೆಯ ಮೈಯೂ ಎರಡರಷ್ಟೇ ಆಗಿ, ಕ್ಷೇತ್ರವು ಅರ್ಧಕ್ಕೆ ಮಾತ್ರ ಇಳಿಯುವುದು. ಒಂದು ಬಿಂದುವಿನಲ್ಲಿ ಒಂದು ಮೈಕ್ರೋಕೂಲಂಬ್ ಆವೇಶವಿದ್ದರೆ 1 ಮೀಟರು ದೂರದಲ್ಲಿ ಕ್ಷೇತ್ರವು ಮೀಟರಿಗೆ ಸುಮಾರು 9,000 ವೋಲ್ಟ್, 10 ಮೀಟರು ದೂರದಲ್ಲಿ ಕೇವಲ 90. ಪ್ರತಿ ಮೀಟರಿಗೂ ಅಷ್ಟೇ ಆವೇಶವುಳ್ಳ ಒಂಟಿ ತಂತಿಯಿಂದಾದರೋ 1 ಮೀಟರಿನಲ್ಲಿ 18,000, 10 ಮೀಟರಿನಲ್ಲಿ ಇನ್ನೂ 1,800 ಇರುವುದು.

ನಿಜವಾದ ಮಾರ್ಗದಲ್ಲಿ ಸಾಧಾರಣವಾಗಿ ಮೂರು ತಂತಿಗಳಿರುವುವು. ಅವುಗಳ ಆವೇಶಗಳು ಕ್ಷಣಕ್ಷಣಕ್ಕೂ ಧನ ಋಣಗಳಾಗಿ ಬದಲಾಗುತ್ತ ಒಂದನ್ನೊಂದು ಬಹುಮಟ್ಟಿಗೆ ಕಳೆಯುವುದರಿಂದ, ಪಕ್ಕಕ್ಕೆ ಸರಿದಂತೆ ಕ್ಷೇತ್ರವು ಮೇಲಿನ ಲೆಕ್ಕಕ್ಕಿಂತ ಬೇಗನೆ ಕುಗ್ಗುವುದು. ಆದರೆ ತಂತಿಗಳ ಕೆಳಗೆ, ಅದರಲ್ಲಿಯೂ ಎರಡು ಕಂಬಗಳ ನಡುವೆ ಅವು ಜೋತು ನೆಲಕ್ಕೆ ಸಮೀಪವಾಗುವಲ್ಲಿ, ಇದನ್ನು ನಂಬಿ ಉದಾಸೀನ ಮಾಡಬಾರದು.

ಕೋಲಾರದ ಕಡೆ ಕಲ್ಲುಕಂಬಗಳನ್ನು ನೆಟ್ಟು ಮುಳ್ಳುತಂತಿ ಎಳೆಯುವುದು ವಾಡಿಕೆ. ಒಣಗಿದ ಕಲ್ಲು ವಿದ್ಯುತ್ತನ್ನು ಭೂಮಿಗೆ ಸುಲಭವಾಗಿ ಇಳಿಯಗೊಡದು. ಇಂಥ ಬೇಲಿಯು ಮಾರ್ಗದ ಕೆಳಗೆ ಅದರ ಜೊತೆಯಲ್ಲಿಯೇ ಬಹುದೂರ ಸಾಗಿದರೆ ಮುಳ್ಳುತಂತಿಯೂ ಆವೇಶಗೊಂಡು, ಮುಟ್ಟಿದ ಆಳಿಗೂ ದನಕ್ಕೂ ಪೆಟ್ಟು ತಗಲುವುದು. ಆದುದರಿಂದ ಬೇಲಿಯನ್ನು ಸಾಧ್ಯವಾದಷ್ಟು ಮಾರ್ಗಕ್ಕೆ ಅಡ್ಡಲಾಗಿಯೇ ಹಾಯಿಸಬೇಕು. ಜೊತೆಯಲ್ಲಿ ಹಾಕುವುದು ಅನಿವಾರ್ಯವಾದರೆ ಅದನ್ನು ತುಂಡುಗಳಾಗಿ ಬೇರ್ಪಡಿಸಿ, ಪ್ರತಿಯೊಂದು ತುಂಡನ್ನೂ ನೆಲದಲ್ಲಿ ಆಳವಾಗಿ ಹೂತ ಕಬ್ಬಿಣದ ಸಲಾಕೆಗೆ ಸೇರಿಸತಕ್ಕದ್ದು. ವಿದ್ಯುತ್ ಸರಬರಾಜಿನವರಿಗೆ ತಿಳಿಸಿ, ಅವರ ಮುಂದೆಯೇ ಈ ಕೆಲಸವನ್ನು ಮಾಡಿಸುವುದು ಕ್ಷೇಮ.

ಆನೆಗಳ ಕಾಟವಿರುವ ಕಾಮಸಮುದ್ರದ ಕಡೆ ಹಾಕುವ ಸೌರಬೇಲಿಗೆ ಈ ಉಪಾಯವು ಒಗ್ಗದು. ಆ ತಂತಿಯನ್ನು ಭೂಮಿಗೆ ಸೇರಿಸಿದರೆ ಬೇಲಿಯೇ ನಿಷ್ಪ್ರಯೋಜಕ. ಅದನ್ನು ಮಾರ್ಗದಿಂದ ದೂರದಲ್ಲಿಯೇ ಹಾಕಬೇಕು. ಮಾವಿನಕಾಯಿ ಕೊಯ್ಯುವ ಉದ್ದನೆಯ ದೋಟಿಯನ್ನು, ಅದು ಒಣಗಿದ ಬಿದಿರಿನದಾದರೂ ಸರಿಯೆ, ತಂತಿಗಳ ಕೆಳಗೆ ಎತ್ತಲೇಬಾರದು.