ಗೊಂಬೆಮನೆಯ ಚಿಲಕಕ್ಕೂ ಒಂದು ಅಳತೆ

ನವರಾತ್ರಿಗೆ ಗೊಂಬೆ ಕೂರಿಸುವ ನೀವು ಈಚೆಗೆ ಮೆಟ್ಟಿಲ ಪಕ್ಕದಲ್ಲಿ ಪುಟ್ಟದೊಂದು ಮನೆಯನ್ನೂ ಕಟ್ಟಿಡುತ್ತಿದ್ದೀರಿ. ನೋಡಿದರೆ ಕಣ್ಣು ತುಂಬುತ್ತದೆ. ಗೋಡೆ ಅಚ್ಚುಕಟ್ಟು, ಹೆಂಚು ಅಚ್ಚುಕಟ್ಟು, ಹೊಸ್ತಿಲ ಮುಂದೆ ರಂಗೋಲಿ ಬೇರೆ. ಆದರೆ ಬಾಗಿಲ ಹತ್ತಿರ ಬಗ್ಗಿ ನೋಡಿದರೆ ಚಿಲಕದ ಜಾಗದಲ್ಲಿ ಕಾಗದಕ್ಕೆ ಹೊಡೆಯುವ ಪಿನ್ನು! ಬಚ್ಚಲಿನ ಹಂಡೆ ಬೆಳ್ಳಿ ಬಣ್ಣ ಬಳಿದ ಪ್ಲಾಸ್ಟಿಕ್ಕು. ಕಿಟಕಿಯ ಸರಳುಗಳು ಹಲ್ಲುಕಡ್ಡಿ. ಇಷ್ಟೆಲ್ಲ ಕಷ್ಟಪಟ್ಟ ಕೈ ಕೊನೆಗೆ ಹೀಗೇಕೆ ಸೋಮಾರಿಯಾಯಿತು? ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ಹಿರಿಯರು ಹೇಳಿದ್ದಾರೆ. ಹೊಳಲ್ಕೆರೆ ಸೀಮೆಯ ಅಡಿಕೆ ತೋಟದವರಿಗೆ ಈ ಗಾದೆಯನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಗೊಂಬೆಮನೆಯ ಮಾನ ಇರುವುದು ಅಡಿಕೆಯಷ್ಟು ಗಾತ್ರದ ಈ ಲೋಹದ ಸಾಮಾನುಗಳಲ್ಲೇ.

ಮೊದಲು ಅಳತೆ. ಕಣ್ಣಂದಾಜಿನಲ್ಲಿ ತಗಡು ಕತ್ತರಿಸಲು ಹೊರಡಬೇಡಿ. ನಿಜವಾದ ಮನೆಯ ಒಂದು ಅಡಿಗೆ ಗೊಂಬೆಮನೆಯಲ್ಲಿ ಒಂದು ಇಂಚು ಎಂದು ಗೊತ್ತುಮಾಡಿಕೊಳ್ಳಿ. ಜಗತ್ತಿನಲ್ಲಿ ಹೆಚ್ಚಿನವರು ಹಿಡಿಯುವ ಲೆಕ್ಕ ಇದೇ. ಇಂಗ್ಲೆಂಡಿನ ವಿಂಡ್ಸರ್ ಅರಮನೆಯಲ್ಲಿ ರಾಣಿ ಮೇರಿಗಾಗಿ 1924ರಲ್ಲಿ ಕಟ್ಟಿ ಮುಗಿಸಿದ ಗೊಂಬೆಮನೆ ಇದೆ. ಅದರ ನಕ್ಷೆ ಹಾಕಿದವರು ನಮ್ಮ ಹೊಸ ದೆಹಲಿಯ ನಕ್ಷೆ ಹಾಕಿದ ಲುಟ್ಯೆನ್ಸ್ ಅವರೇ. ಅಲ್ಲಿಯೂ ಅಡಿಗೆ ಒಂದು ಇಂಚಿನ ಲೆಕ್ಕ, ಅಲ್ಲಿಯ ಪುಟ್ಟ ನಲ್ಲಿಗಳಲ್ಲಿ ನೀರೂ ಬರುತ್ತದೆ. ನೀವು ನೀರು ಬರಿಸಬೇಕಾಗಿಲ್ಲ, ಲೆಕ್ಕವನ್ನಾದರೂ ಹಿಡಿಯಿರಿ. ಐದೂವರೆ ಅಡಿಯ ಬಾಗಿಲು ಐದೂವರೆ ಇಂಚಾಗುತ್ತದೆ. ಒಂಬತ್ತು ಇಂಚಿನ ಚಿಲಕ ಮುಕ್ಕಾಲು ಇಂಚಿಗೆ ಇಳಿಯುತ್ತದೆ. ಕಿಟಕಿಯ ಸರಳು ನಿಜದಲ್ಲಿ 12 ಮಿಲಿಮೀಟರ್ ದಪ್ಪ ಇದ್ದರೆ ಇಲ್ಲಿ 1 ಮಿಲಿಮೀಟರ್ ತಂತಿ. ಕೈಗೆ ಸಿಕ್ಕಿತೆಂದು 2 ಮಿಲಿಮೀಟರ್ ಸೈಕಲ್ ಕಡ್ಡಿ ಕೂರಿಸಿದರೆ ಅದು 24 ಮಿಲಿಮೀಟರ್ ಸರಳಾಗಿ, ಮನೆ ಹೋಗಿ ಸೆರೆಮನೆಯಾಗುತ್ತದೆ.

ಅಳತೆ ಎಲ್ಲಿಂದ ತೆಗೆಯಬೇಕು ಎಂದು ಕೇಳುತ್ತೀರಲ್ಲವೇ? ನಿಮ್ಮೂರಿನಿಂದಲೇ. ಪೆಟ್ಟಿಗೆಯಲ್ಲಿ ಬರುವ ಪರದೇಶದ ಮನೆಯ ನಕಲು ಬೇಡ. ಚಿತ್ರದುರ್ಗ, ಹಿರಿಯೂರು ಕಡೆ ಮಣ್ಣಿನ ಮಾಳಿಗೆ ಮನೆಗಳು ಇನ್ನೂ ಅಲ್ಲಲ್ಲಿ ಉಳಿದಿವೆ. ಹೊಳಲ್ಕೆರೆ, ಹೊಸದುರ್ಗದ ತೋಟದ ಸೀಮೆಯಲ್ಲಿ ಹೆಂಚಿನ ಮನೆಗಳಿವೆ. ಒಂದು ಟೇಪು, ಒಂದು ನೋಟುಪುಸ್ತಕ ಹಿಡಿದು ಅಜ್ಜಿಯ ಮನೆಗೆ ಹೋಗಿ. ಬಾಗಿಲ ಬಳೆ ಎಷ್ಟಗಲ, ಕೊಂಡಿ ಚೌಕಟ್ಟಿನ ಯಾವ ಎತ್ತರದಲ್ಲಿದೆ, ಈಳಿಗೆಮಣೆಯ ಅಲಗು ಎಷ್ಟು ಬಾಗಿದೆ, ತೂಗುಮಣೆಯ ಸರಪಳಿಯಲ್ಲಿ ಎಷ್ಟು ಕೊಂಡಿ, ಎಲ್ಲವನ್ನೂ ಬರೆದುಕೊಳ್ಳಿ. ಆ ಮನೆಯನ್ನು ನಾಳೆ ಕೆಡವಿದರೆ ಈ ಅಳತೆ ಇನ್ನೆಲ್ಲೂ ಸಿಗುವುದಿಲ್ಲ.

ಹಾಗೆ ನೋಡಲು ಹೋದವರಿಗೆ ಒಂದು ಲಾಭವೂ ಇದೆ. ನಮ್ಮ ಹಳೆಯ ಬಾಗಿಲುಗಳಿಗೆ ಈಗಿನಂಥ ತಗಡಿನ ಕೀಲು ಇರಲಿಲ್ಲ. ಬಾಗಿಲಿನ ಹಿಂಬದಿಯ ಮೂಲೆಯಲ್ಲಿ ಮೇಲೊಂದು ಕೆಳಗೊಂದು ಗೂಟ, ಆ ಗೂಟಗಳು ಹೊಸ್ತಿಲು ಮತ್ತು ಮೇಲ್ಪಟ್ಟಿಯ ಕುಳಿಯಲ್ಲಿ ತಿರುಗುತ್ತಿದ್ದವು. ದುರ್ಗದ ಕೋಟೆ ಹತ್ತುವಾಗ ಹೆಬ್ಬಾಗಿಲುಗಳಲ್ಲಿ ನಿಂತು ಕಲ್ಲನ್ನು ಗಮನಿಸಿ. ಅಷ್ಟು ಭಾರದ ಕದಗಳು ತಿರುಗುತ್ತಿದ್ದುದೂ ಕಲ್ಲಿನ ಕುಳಿಯಲ್ಲೇ. ಗೊಂಬೆಮನೆಗೆ ಇದಕ್ಕಿಂತ ಸುಲಭದ ಉಪಾಯ ಇಲ್ಲ. ಅಕ್ಕಿಕಾಳಿನಷ್ಟು ಕೀಲು ಮಾಡಲು ಹೋಗಿ ಕಣ್ಣು ಕೆಡಿಸಿಕೊಳ್ಳುವ ಬದಲು 1 ಮಿಲಿಮೀಟರ್ ಹಿತ್ತಾಳೆ ತಂತಿಯ ಎರಡು ತುಂಡು ಸಾಕು. ಮೇಲ್ಪಟ್ಟಿಯ ತೂತನ್ನು ಪೂರ್ತಿ ಕೊರೆದು, ಬಾಗಿಲನ್ನು ನಿಲ್ಲಿಸಿದ ಮೇಲೆ ತಂತಿಯನ್ನು ಮೇಲಿನಿಂದ ಇಳಿಸಿ. ಬಾಗಿಲಿನ ಹಿಂದಿನ ಅಂಚನ್ನು ಮರಳು ಕಾಗದದಿಂದ ಗುಂಡಗೆ ಉಜ್ಜಲು ಮರೆಯಬೇಡಿ. ಉಜ್ಜದಿದ್ದರೆ ಬಾಗಿಲು ಅರ್ಧ ತೆರೆದು ಸಿಕ್ಕಿಕೊಳ್ಳುತ್ತದೆ. ನನ್ನ ಮೊದಲ ಬಾಗಿಲು ಹಾಗೇ ಸಿಕ್ಕಿಕೊಂಡಿತ್ತು, ಚೌಕಟ್ಟನ್ನೇ ಕೀಳಬೇಕಾಯಿತು.

ಲೋಹಕ್ಕಾಗಿ ದುಬಾರಿ ಅಂಗಡಿ ಹುಡುಕಬೇಡಿ. ದುರ್ಗದ ಪಕ್ಕದ ಇಂಗಳದಾಳದಲ್ಲಿ ಒಂದು ಕಾಲಕ್ಕೆ ತಾಮ್ರದ ಗಣಿಯೇ ನಡೆಯುತ್ತಿತ್ತು. ಈಗ ನಮ್ಮ ತಾಮ್ರದ ಗಣಿ ಎಂದರೆ ಮೋಟರ್ ರಿವೈಂಡಿಂಗ್ ಅಂಗಡಿ. ಬೋರ್‌ವೆಲ್ ನಂಬಿದ ಜಿಲ್ಲೆ ನಮ್ಮದು, ಮೋಟರು ಸುಡದ ಬೇಸಿಗೆ ಇಲ್ಲ. ಬಿಚ್ಚಿದ ಹಳೆಯ ತಂತಿಯನ್ನು ತೂಕಕ್ಕೆ ಕೊಡುತ್ತಾರೆ. ಅದರ ಮೇಲೆ ವಾರ್ನಿಷಿನಂಥ ಪೊರೆ ಇರುತ್ತದೆ, ಚಾಕುವಿನಿಂದ ಕೆರೆದು ತೆಗೆಯಿರಿ. ಕಿಟಕಿಯ ಸರಳಿಗೆ ಗಾರೆಯವರು ಕಂಬಿ ಕಟ್ಟುವ ಬೈಂಡಿಂಗ್ ತಂತಿ ಹೇಳಿ ಮಾಡಿಸಿದ ಹಾಗಿದೆ. ಕಪ್ಪಗಿರುತ್ತದೆ, ಮೆತ್ತಗಿರುತ್ತದೆ, ದಪ್ಪವೂ ಹೆಚ್ಚುಕಡಿಮೆ ಒಂದು ಮಿಲಿಮೀಟರ್. ಒಂದು ತುದಿಯನ್ನು ಗಟ್ಟಿಯಾಗಿ ಸಿಕ್ಕಿಸಿ ಇನ್ನೊಂದನ್ನು ಇಕ್ಕಳದಲ್ಲಿ ಹಿಡಿದು ಜಗ್ಗಿದರೆ ದಾರ ಎಳೆದ ಹಾಗೆ ನೆಟ್ಟಗಾಗುತ್ತದೆ. ಹಳೆಯ ರೇಡಿಯೋದ ಏರಿಯಲ್ ಮುರಿದಿದ್ದರೆ ಎಸೆಯಬೇಡಿ. ಒಳಗಿನ ಸಣ್ಣ ಕೊಳವೆ ಒಲೆ ಊದುವ ಊದುಗೊಳವೆಯಾಗುತ್ತದೆ.

ಇಲ್ಲಿ ಸ್ವಲ್ಪ ಗದರಿಸಿಯೇ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಪ್ಲಾಸ್ಟಿಕ್ ಹೊದಿಕೆಯ ವಯರನ್ನು ಬೆಂಕಿಗೆ ಹಾಕಿ ತಾಮ್ರ ತೆಗೆಯುವ ಅಭ್ಯಾಸ ಬಿಡಿ, ಆ ಹೊಗೆ ವಿಷ. ಸತುವು ಬಳಿದ ಜಿಐ ತಂತಿಯನ್ನು ಕೆಂಪಗೆ ಕಾಯಿಸಬೇಡಿ. ಬಿಳಿ ಹೊಗೆ ಎದ್ದು, ಕುಡಿದವರಿಗೆ ರಾತ್ರಿ ಚಳಿಜ್ವರ ಬರುತ್ತದೆ. ತಗಡಿಗೆ ತೂತು ಕೊರೆಯುವಾಗ ಬೆರಳಿನಿಂದ ಒತ್ತಿ ಹಿಡಿಯಬೇಡಿ. ಕೊರೆಯುವ ಕಡ್ಡಿ ಸಿಕ್ಕಿಕೊಂಡರೆ ತಗಡು ಗಿರ್ರನೆ ತಿರುಗಿ ಬೆರಳನ್ನು ಸೀಳುತ್ತದೆ. ಅದನ್ನು ಹಲಗೆಗೆ ಬಿಗಿದೇ ಕೊರೆಯಿರಿ. ಕಣ್ಣಿಗೆ ಕನ್ನಡಕ, ಸೆರಗು ಸೊಂಟಕ್ಕೆ, ಬಳೆ ತೆಗೆದು ಪಕ್ಕಕ್ಕೆ.

ಈಗ ಹಂಡೆಗೆ ಬರೋಣ. ಗೊಂಬೆಮನೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಬಚ್ಚಲ ಒಲೆಯ ಮೇಲಿನ ತಾಮ್ರದ ಹಂಡೆ. ಒಂದೂವರೆ ಅಡಿ ಅಗಲದ ಹಂಡೆ ನಮ್ಮ ಲೆಕ್ಕದಲ್ಲಿ ಒಂದೂವರೆ ಇಂಚು. ಅಂಗಡಿಯಲ್ಲಿ ಸಿಗುವ ತಗಡಿನಲ್ಲಿ ಅರ್ಧ ಮಿಲಿಮೀಟರ್ ದಪ್ಪದ್ದನ್ನು ಆರಿಸಿ. ತಳದ ಭಾಗಕ್ಕೆ ಬೇಕಾದ ಬಿಲ್ಲೆಯ ಅಗಲ ಎಷ್ಟೆಂದರೆ ಬಟ್ಟಲಿನ ಅಗಲಕ್ಕೆ ಅದರ ಆಳವನ್ನು ಕೂಡಿಸಿದಷ್ಟು. ಒಂದೂವರೆ ಇಂಚು ಅಗಲ, ಮುಕ್ಕಾಲು ಇಂಚು ಆಳ ಎಂದರೆ ಎರಡೂಕಾಲು ಇಂಚಿನ ಬಿಲ್ಲೆ. ಗಟ್ಟಿ ಮರದ ತುಂಡಿನಲ್ಲಿ ಗುಂಡಗಿನ ಕುಳಿ ತೋಡಿ, ಬಿಲ್ಲೆಯನ್ನು ಅದರ ಮೇಲಿಟ್ಟು, ಗುಂಡುಮೂತಿಯ ಸುತ್ತಿಗೆಯಿಂದ ಅಂಚಿನಿಂದ ನಡುವಿನ ಕಡೆಗೆ ಸುತ್ತುತ್ತಾ ಮೆಲ್ಲಗೆ ಬಡಿಯಿರಿ. ನಾಲ್ಕೈದು ಸುತ್ತು ಬಡಿಯುವಷ್ಟರಲ್ಲಿ ತಾಮ್ರ ಬಿರುಸಾಗಿ ಮಾತು ಕೇಳುವುದನ್ನು ಬಿಡುತ್ತದೆ. ಆಗ ನೀವು ಮಾಡುವ ತಪ್ಪೆಂದರೆ ಇನ್ನೂ ಜೋರಾಗಿ ಬಡಿಯುವುದು. ಬಡಿದರೆ ಅಂಚು ಸೀಳುತ್ತದೆ. ಸುತ್ತಿಗೆ ಕೆಳಗಿಡಿ. ದೀಪ ಆರಿಸಿ, ಬಿಲ್ಲೆಯನ್ನು ಇಕ್ಕಳದಲ್ಲಿ ಹಿಡಿದು ಗ್ಯಾಸ್ ಒಲೆಯ ಉರಿಯಲ್ಲಿ ಮಬ್ಬುಗೆಂಪು ಬರುವವರೆಗೆ ಕಾಯಿಸಿ ನೀರಿಗೆ ಅದ್ದಿ. ಉಕ್ಕನ್ನು ಹೀಗೆ ಅದ್ದಿದರೆ ಗಡುಸಾಗುತ್ತದೆ, ತಾಮ್ರ ಹಾಗಲ್ಲ, ಮೆತ್ತಗಾಗಿ ಕೈಗೆ ಬರುತ್ತದೆ. ಮೇಲೆ ಕಟ್ಟಿದ ಕಪ್ಪನ್ನು ಹುಣಸೆಹಣ್ಣಿನ ನೀರಿನಲ್ಲಿ ತೊಳೆದು ಮತ್ತೆ ಬಡಿಯಿರಿ. ಹೀಗೆ ನಾಲ್ಕು ಸಲ, ಐದು ಸಲ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎನ್ನುತ್ತೇವಲ್ಲ, ಪುಣ್ಯಕ್ಕೆ ತಾಮ್ರವನ್ನು ಬೇಕೆಂದಾಗಲೆಲ್ಲ ಮತ್ತೆ ಗಿಡವಾಗಿಸಿಕೊಳ್ಳಬಹುದು.

ಹಂಡೆಯ ಬಾಯಿ ಕಿರಿದು, ಅದನ್ನು ಒಂದೇ ಬಿಲ್ಲೆಯಲ್ಲಿ ಎತ್ತುವುದು ಹೊಸಬರಿಗೆ ಆಗದ ಕೆಲಸ. ಹೆಗಲ ಭಾಗವನ್ನು ಬೇರೆ ಮಾಡಿ ನಡುವಿನಲ್ಲಿ ಬೆಸುಗೆ ಹಾಕಿ. ರೇಡಿಯೋ ರಿಪೇರಿಯ 25 ವಾಟಿನ ಬೆಸುಗೆ ಕಡ್ಡಿ ಇದಕ್ಕೆ ಸಾಲದು, ತಾಮ್ರ ಬಿಸಿಯನ್ನೆಲ್ಲ ಹೀರಿಬಿಡುತ್ತದೆ. 60 ವಾಟಿನದು ತನ್ನಿ. ಬೆಸುಗೆ ಹಿಡಿಯಲಿಲ್ಲವೆಂದರೆ ನೂರಕ್ಕೆ ತೊಂಬತ್ತು ಸಲ ಜಾಗ ಕೊಳೆಯಾಗಿದೆ ಎಂದೇ ಅರ್ಥ. ಉಜ್ಜಿ, ಪೇಸ್ಟು ಸವರಿ, ಲೋಹ ಕಾದ ಮೇಲೆ ಬೆಸುಗೆ ಮುಟ್ಟಿಸಿ. ಮಾಮೂಲಿ ಬೆಸುಗೆಯಲ್ಲಿ ಸೀಸ ಇರುತ್ತದೆ. ಮಕ್ಕಳು ಆಡುವ ಮನೆಯಾದರೆ ಸೀಸವಿಲ್ಲದ ಬೆಸುಗೆಯನ್ನೇ ಕೇಳಿ ತನ್ನಿ. ಮೂರು ವರ್ಷದೊಳಗಿನ ಕೂಸು ಇರುವ ಮನೆಯಲ್ಲಿ ಚೊಂಬು, ಲೋಟಗಳನ್ನು ಅದರ ಕೈಗೆಟಕುವಲ್ಲಿ ಇಡಲೇಬೇಡಿ. ಬಾಯಿಗೆ ಹಾಕದ ಕೂಸು ಯಾವುದಿದೆ?

ಕಿಟಕಿಯ ಸರಳನ್ನು ಚೌಕಟ್ಟಿನ ಮುಖಕ್ಕೆ ಅಂಟಿಸಬೇಡಿ. ಮೇಲೆ ಕೆಳಗೆ 8 ಮಿಲಿಮೀಟರಿಗೊಂದು ತೂತು ಕೊರೆದು ಒಳಗೆ ತೂರಿಸಿ. ತೂಗುಮಣೆಯ ಸರಪಳಿಗೆ ಆಭರಣದ ಸರ ಕತ್ತರಿಸಿ ಹಾಕುವುದನ್ನೂ ನೋಡಿದ್ದೇನೆ. ಹಳೆಯ ತೂಗುಮಣೆಗೆ ಉದ್ದುದ್ದ ಕಡ್ಡಿಗಳು, ಅವುಗಳ ನಡುವೆ ಕೊಂಡಿಗಳು. ಒಂದು ಇಂಚಿನ ತಂತಿಯ ಎರಡೂ ತುದಿಯನ್ನು ಸುತ್ತಿ ಕಣ್ಣು ಮಾಡಿದರೆ ಅದೇ ಕಡ್ಡಿ. ಕೊಂಡಿಗೆ ಹೆಣಿಗೆ ಕಡ್ಡಿಯ ಮೇಲೆ ತಂತಿಯನ್ನು ಸುರುಳಿ ಸುತ್ತಿ ಉದ್ದಕ್ಕೆ ಕತ್ತರಿಸಿ, ಹತ್ತಿಪ್ಪತ್ತು ಬಳೆ ಒಟ್ಟಿಗೇ ಸಿಗುತ್ತವೆ.

ಎಲ್ಲ ಮುಗಿದ ಮೇಲೆ ಚಿನ್ನದ ಬಣ್ಣದ ಸ್ಪ್ರೇ ಹೊಡೆಯುವ ಚಪಲವೊಂದಿದೆ. ದಯವಿಟ್ಟು ಬೇಡ. ದಿನಾ ಮುಟ್ಟುವ ಚಿಲಕ ಹಿಡಿಯುವಲ್ಲಿ ಹೊಳೆಯುತ್ತದೆ, ಬುಡದಲ್ಲಿ ಕಪ್ಪಾಗಿರುತ್ತದೆ. ಹಂಡೆಯ ತಳ ಮಸಿ, ಹೆಗಲು ಬೆಳಗಿದ್ದು. ನಿಮ್ಮದೂ ಹಾಗೇ ಇರಲಿ. ಹೊಳಪಿಗೆ ಹುಣಸೆಹಣ್ಣು, ಆಮೇಲೆ ಒಣ ವಿಭೂತಿ. ಕಬ್ಬಿಣಕ್ಕೆ ಕಪ್ಪು ಬೇಕಾದರೆ ಕಾಯಿಸಿ ನಮ್ಮ ಚಳ್ಳಕೆರೆ ಕಡೆಯ ಕಡಲೆಕಾಯಿ ಎಣ್ಣೆಗೆ ಅದ್ದಿ. ಕಪ್ಪು ಹಿಡಿಯುತ್ತದೆ, ತುಕ್ಕೂ ತಡವಾಗಿ ಬರುತ್ತದೆ. ಹೊಗೆ ಏಳುವುದರಿಂದ ಅಂಗಳದಲ್ಲಿ ಮಾಡಿ.

ಇದನ್ನೆಲ್ಲ ಮಹಾಲಯ ಅಮಾವಾಸ್ಯೆಯ ರಾತ್ರಿ ಶುರುಮಾಡಿದರೆ ಸಂತೆ ಹೊತ್ತಿಗೆ ಮೂರು ಮೊಳ ನೇಯ್ದ ಹಾಗಾಗುತ್ತದೆ. ಯುಗಾದಿ ಕಳೆದ ಮೇಲೆ ತಿಂಗಳಿಗೊಂದು ಸಾಮಾನು ಎಂದಿಟ್ಟುಕೊಳ್ಳಿ. ಮನೆ ಕಟ್ಟಿ ನೋಡು ಅಂದವರು ದೊಡ್ಡ ಮನೆಗೆ ಮಾತ್ರ ಹೇಳಿದ್ದಲ್ಲ. ಕೈ ಸಾಗದಿದ್ದಾಗ ಪೇಟೆಯ ಅಕ್ಕಸಾಲಿಗರ ಹತ್ತಿರ ಹೋಗಿ ಕೂತು ನೋಡಿ. ಅರ ಹೇಗೆ ಹಿಡಿಯಬೇಕು, ಬಿಳಿಗಾರ ಎಷ್ಟು ಹಾಕಬೇಕು ಎಂಬುದನ್ನು ಅರ್ಧ ಗಂಟೆಯಲ್ಲಿ ಕಲಿಸಬಲ್ಲವರು ಅವರು. ಕೇಳಿದರೆ ತುಂಡು ತಗಡನ್ನೂ ಕೊಡುತ್ತಾರೆ. ಆದರೆ ಅವರ ಹೊತ್ತಿಗೆ ಬೆಲೆ ಇದೆ, ಚಿಕ್ಕ ಕೆಲಸ ಎಂದು ಚೌಕಾಸಿ ಮಾಡಬೇಡಿ. ಚಿಕ್ಕದಾದಷ್ಟೂ ಕಣ್ಣಿಗೆ ಶ್ರಮ ಹೆಚ್ಚು.

ವಿಜಯದಶಮಿ ಮುಗಿದು ಗೊಂಬೆ ಮಲಗಿಸುವಾಗ ಈ ಸಾಮಾನುಗಳನ್ನು ಒಂದೇ ಡಬ್ಬಿಗೆ ಸುರಿಯಬೇಡಿ. ಹುಣಸೆಯ ಹುಳಿ ಉಳಿಯದಂತೆ ತೊಳೆದು, ಬಿಸಿಲಿಗೆ ಒಣಗಿಸಿ, ಒಂದೊಂದನ್ನೂ ಹಳೆಯ ಹತ್ತಿ ಪಂಚೆಯ ತುಂಡಿನಲ್ಲಿ ಸುತ್ತಿಡಿ. ರಬ್ಬರ್ ಬ್ಯಾಂಡು ಹಾಕಬೇಡಿ, ಬೆಳ್ಳಿಯ ಸಾಮಾನಿದ್ದರೆ ಅದು ಕಪ್ಪಾಗುತ್ತದೆ. ಜೊತೆಗೆ ಆ ಅಳತೆಯ ನೋಟುಪುಸ್ತಕವನ್ನೂ ಪೆಟ್ಟಿಗೆಯೊಳಗೇ ಇಡಿ. ಯಾವ ಊರಿನ ಯಾರ ಮನೆಯ ಚಿಲಕ ಎಂದು ಅದರಲ್ಲಿ ಬರೆದಿರಲಿ.