ಧರ್ಮಸ್ಥಳಕ್ಕೆ ನಡೆದು ಹೋಗುವವರಿಗೆ ಏಳು ಸೂತ್ರಗಳು

ಶಿವರಾತ್ರಿ ಹತ್ತಿರ ಬಂತೆಂದರೆ ನೆಲಮಂಗಲದಿಂದ ಕುಣಿಗಲ್ ಕಡೆಗೆ ಹೋಗುವ ಹೆದ್ದಾರಿಯ ಅಂಚಿನಲ್ಲಿ ಪಾದಯಾತ್ರಿಗಳು ಸಾಲುಗಟ್ಟುತ್ತಾರೆ. ಯಡಿಯೂರು, ಚನ್ನರಾಯಪಟ್ಟಣ, ಹಾಸನ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ, ಚಾರ್ಮಾಡಿ ಘಾಟಿ, ಉಜಿರೆ ದಾಟಿ ಸುಮಾರು 300 ಕಿ.ಮೀ. ನಡಿಗೆ. ಮಗನ ಕೆಲಸ, ಹೆಂಡತಿಯ ಆರೋಗ್ಯ, ತೀರದ ಸಾಲ ಅಂತ ಒಬ್ಬೊಬ್ಬರೂ ಒಂದೊಂದು ಹೊರೆ ಹೊತ್ತೇ ಹೊರಟಿರುತ್ತಾರೆ. ಈ ಸಲ ನೀವೂ ಹೊರಟಿದ್ದರೆ ಇವಿಷ್ಟು ನೆನಪಿರಲಿ.

1. ತಿಂಗಳ ಮೊದಲೇ ಕಾಲು ಪಳಗಿಸಿ. ದೊಡ್ಡಬಳ್ಳಾಪುರದವರು ಘಾಟಿ ಸುಬ್ರಹ್ಮಣ್ಯಕ್ಕೆ ನಡೆದು ಹೋಗಿ ಬನ್ನಿ. ನೆಲಮಂಗಲದವರಿಗೆ ಶಿವಗಂಗೆ ಬೆಟ್ಟವಿದೆ. ಹತ್ತುವುದಕ್ಕಿಂತ ಇಳಿಯುವುದನ್ನೇ ಹೆಚ್ಚು ಅಭ್ಯಾಸ ಮಾಡಿ, ಮಂಡಿ ಸೋಲುವುದು ಚಾರ್ಮಾಡಿಯ ಇಳಿಜಾರಿನಲ್ಲಿ.

2. ಹೊಸ ಶೂ ಬೇಡ. ಕಾಲಿಗೆ ಒಗ್ಗಿದ ಹಳೆಯದೇ ಸಾಕು. ಉಗುರು ಕತ್ತರಿಸಿಕೊಳ್ಳಿ, ಬೆರಳ ಸಂದಿಗೆ ಕೊಬ್ಬರಿ ಎಣ್ಣೆ ಸವರಿ. ಸಕ್ಕರೆ ಕಾಯಿಲೆ ಇದ್ದವರು ವೈದ್ಯರನ್ನು ಕೇಳದೆ ಹೊರಡಬೇಡಿ. ಪಾದದ ಸ್ಪರ್ಶ ಕಡಿಮೆಯಿದ್ದರೆ ಬೊಬ್ಬೆ ಒಡೆದದ್ದೂ ತಿಳಿಯುವುದಿಲ್ಲ, ಹಾಗಾಗಿ ದಿನಾ ರಾತ್ರಿ ಅಂಗಾಲು ನೋಡಿಕೊಳ್ಳಿ.

3. ಬೆಳಗಿನ ಜಾವವೇ ನಡೆಯಿರಿ, ಬಿಸಿಲೇರಿದ ಮೇಲೆ ಮಲಗಿ. ಕತ್ತಲಲ್ಲಿ ಎದುರು ಬರುವ ಗಾಡಿ ಕಾಣುವಂತೆ ರಸ್ತೆಯ ಬಲಬದಿಯಲ್ಲಿರಿ. ಟಾರ್ಚ್ ಮತ್ತು ರಿಫ್ಲೆಕ್ಟರ್ ಜಾಕೆಟ್ ಕಡ್ಡಾಯ. ಬೇಲೂರು, ಮೂಡಿಗೆರೆ ಕಡೆ ಆನೆ ಓಡಾಡುವ ಜಾಗಗಳಿವೆ, ಅಲ್ಲಿ ಒಂಟಿಯಾಗಿ ಮುಂದೆ ಹೋಗಬೇಡಿ.

4. ಮಾತು ಬಿಟ್ಟ ಅಣ್ಣನನ್ನೋ ತಮ್ಮನನ್ನೋ ಜೊತೆಗೆ ಕರೆಯಿರಿ. ಇದು ನಾನು ಒತ್ತಿ ಹೇಳುವ ಸೂತ್ರ. ದೇವನಹಳ್ಳಿಯಲ್ಲಿ 2008ರಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಈ ಸೀಮೆಯ ಜಮೀನಿಗೆ ಚಿನ್ನದ ಬೆಲೆ ಬಂತು, ಹಿಂದೆಯೇ ಪಾಲುಪಾರೀಕತ್ತಿನ ಜಗಳಗಳೂ ಬಂದವು. ಜಗಳದ ಕಾವಿನಲ್ಲಿ “ಧರ್ಮಸ್ಥಳಕ್ಕೆ ಬಂದು ಆಣೆ ಮಾಡು ನೋಡೋಣ” ಎಂದುಬಿಡುತ್ತೇವೆ. ಕಾಸು ಬಿಡ ತಿಮ್ಮಪ್ಪ, ಮಾತು ಬಿಡ ಮಂಜುನಾಥ ಎಂದು ನಂಬಿದ ಜನ ನಾವು. ಆ ಒಂದು ಮಾತು ಎದೆಯಲ್ಲಿ ಕೂತು, ಮನೆಯ ಮದುವೆ-ಮುಂಜಿಗೂ ಹೋಗದಂತೆ ಮಾಡುತ್ತದೆ. ಅದೇ ಕ್ಷೇತ್ರಕ್ಕೆ ಇಬ್ಬರೂ ಒಟ್ಟಿಗೆ ನಡೆದು ನೋಡಿ. ಕುಣಿಗಲ್‌ವರೆಗೆ ಮಾತು ಬರಲಿಕ್ಕಿಲ್ಲ. ಚನ್ನರಾಯಪಟ್ಟಣದ ಹೊತ್ತಿಗೆ ಒಬ್ಬ ಕುಂಟುತ್ತಿರುತ್ತಾನೆ, ಇನ್ನೊಬ್ಬ “ಏನಣ್ಣ, ಬೊಬ್ಬೆ ಎದ್ದಿದ್ಯಾ? ಶೂ ಬಿಚ್ಚು, ನೋಡ್ತೀನಿ” ಅನ್ನುತ್ತಾನೆ. ದಾವೆ ಕೋರ್ಟಿನಲ್ಲೇ ತೀರಲಿ, ಮುನಿಸು ರಸ್ತೆಯಲ್ಲಿ ತೀರಬಹುದು. ಅವರು ಬರಲಾರೆ ಅಂದರೂ ಕರೆದದ್ದು ವ್ಯರ್ಥವಲ್ಲ.

5. ಕೊಟ್ಟದ್ದನ್ನು ತೆಗೆದುಕೊಳ್ಳಿ. ದಾರಿಯುದ್ದಕ್ಕೂ ಶಾಮಿಯಾನ ಹಾಕಿ ಮಜ್ಜಿಗೆ, ಪಾನಕ, ಕಲ್ಲಂಗಡಿ, ಬಿಸಿ ಊಟ ಕೊಡುತ್ತಾರೆ. ಊರಲ್ಲಿ ಯಾರ ಮುಂದೆಯೂ ಕೈಯೊಡ್ಡದ ಯಜಮಾನರು ಇಲ್ಲಿ ತಟ್ಟೆ ಹಿಡಿದು ಸಾಲಲ್ಲಿ ನಿಲ್ಲುತ್ತಾರೆ. ಪರಿಚಯವೇ ಇಲ್ಲದ ಹುಡುಗ ಬಗ್ಗಿ ಅವರ ಕಾಲಿಗೆ ಎಣ್ಣೆ ತಿಕ್ಕುತ್ತಾನೆ. ಎಲ್ಲವನ್ನೂ ನಾನೇ ನಿಭಾಯಿಸಬೇಕೆಂಬ ಬಿಗಿ ಅಲ್ಲಿ ತಾನಾಗಿ ಸಡಿಲವಾಗುತ್ತದೆ.

6. ಆಗದಿದ್ದರೆ ಗಾಡಿ ಹತ್ತಿ. ಜ್ವರ ಬಂದರೂ, ಎದೆ ನೋವು ಕಂಡರೂ ಹರಕೆ ಎಂದು ಹಟ ಹಿಡಿಯಬೇಡಿ.

7. ನಿಮ್ಮ ಭಾರವನ್ನು ಇನ್ನೊಬ್ಬರ ಮೇಲೆ ಹೊರಿಸಬೇಡಿ. ಖಾಲಿ ಬಾಟಲಿ, ತಟ್ಟೆಗಳನ್ನು ಘಾಟಿಯ ಕಾಡಿಗೆ ಎಸೆಯಬೇಡಿ. ಉಟ್ಟ ಬಟ್ಟೆಯನ್ನು ನೇತ್ರಾವತಿಯಲ್ಲಿ ಬಿಟ್ಟರೆ ಕಷ್ಟ ಹರಿದುಹೋಗುತ್ತದೆಂಬ ನಂಬಿಕೆ ಕೆಲವರಿಗಿದೆ. ಅದೇ ಹೊಳೆಗೆ ತುಂಬೆಯಲ್ಲಿ ಅಣೆಕಟ್ಟು ಕಟ್ಟಿ ಮಂಗಳೂರಿಗೆ ಕುಡಿಯುವ ನೀರು ಕೊಡುತ್ತಾರೆ. ಮುಳುಗು ಹಾಕಿ, ಮನಸಾರೆ ಬೇಡಿಕೊಳ್ಳಿ, ಒದ್ದೆ ಬಟ್ಟೆ ಹಿಂಡಿ ಚೀಲಕ್ಕೆ ಹಾಕಿಕೊಳ್ಳಿ. ಶಾಂಪೂ ಪ್ಯಾಕೆಟ್ಟೂ ದಡದಲ್ಲಿ ಬೀಳದಿರಲಿ.